ಪ್ರೆಸ್ಸು, ಬೆರಳು, ನಾಲ್ಕು ಸೀಡಿ

ಶನಿವಾರ ಮಧ್ಯಾಹ್ನ ಪಾರ್ಸಲ್ ಬಂತು. ಪೀಣ್ಯದ ನಮ್ಮ ಶಾಪಿಗೇ ಬಂತು. ಮನೆ ವಿಳಾಸ ಕೊಟ್ಟರೆ ಹೆಂಡತಿ ಮೊದಲು ಡಬ್ಬ ಬಿಚ್ಚುತ್ತಾಳೆ, ಆಮೇಲೆ ಬಿಲ್ ಓದುತ್ತಾಳೆ, ಆಮೇಲೆ ನನ್ನ ಮುಖ ನೋಡುತ್ತಾಳೆ. ಅದಕ್ಕೇ ಸುಮಾರು ವರ್ಷದಿಂದ ನನ್ನ ಸೀಡಿಗಳೆಲ್ಲ ಡ್ರಿಲ್ ಬಿಟ್, ಗ್ರೈಂಡಿಂಗ್ ವೀಲ್‌ಗಳ ಜೊತೆ ಶಾಪಿಗೇ ಬಂದು ಬೀಳುತ್ತವೆ.

ಬಿಚ್ಚಿದ್ದು ನಮ್ಮ ಪ್ಯಾಕಿಂಗ್ ಹುಡುಗ. 'ಸಾರ್, ಇದೇನ್ ಸಾರ್, ದೆವ್ವದ ಪಿಕ್ಚರ್ ಥರ ಇದೆ' ಅಂದ. ಅವನ ಕೈಯಲ್ಲಿದ್ದದ್ದು ಬ್ಲ್ಯಾಕ್ ಸಬ್ಬತ್‌ನ ಮೊದಲ ಆಲ್ಬಂ. ಹೆವಿ ಮೆಟಲ್ ಅನ್ನುವ ಅಬ್ಬರದ ಗಿಟಾರ್ ಸಂಗೀತದ ಇಂಗ್ಲೆಂಡ್ ಬ್ಯಾಂಡ್. ಒಂದು ಹಳೇ ನೀರಿನ ಗಿರಣಿ, ಒಣಗಿದ ಗಿಡಗಂಟಿ, ಮಧ್ಯೆ ಕಪ್ಪು ಬಟ್ಟೆ ಹೊದ್ದು ನಿಂತ ಹೆಂಗಸು. 1970ರ ಚಿತ್ರ. ರೀಲ್ಸ್ ನೋಡಿಕೊಂಡು ಬೆಳೆದ ಹುಡುಗನನ್ನೂ ಒಂದು ಕ್ಷಣ ನಿಲ್ಲಿಸಿತಲ್ಲ ಅಂತ ನನಗೆ ಒಳಗೊಳಗೇ ಖುಷಿ. ಒಂದು ಸೀಡಿಯ ಡಬ್ಬಿ ದಾರಿಯಲ್ಲೇ ಬಿರುಕು ಬಿಟ್ಟಿತ್ತು. ಪರವಾಗಿಲ್ಲ, ಖಾಲಿ ಡಬ್ಬಿಗಳು ನನ್ನ ಹತ್ತಿರ ಒಂದು ಮೂಟೆ ಇವೆ.

'ಫೋನಲ್ಲೇ ಎಲ್ಲಾ ಸಿಗುತ್ತಲ್ಲಾ ಸಾರ್?' ಅಂದ ಹುಡುಗ. ಸಿಗುತ್ತೆ. ನಿಜ ಹೇಳಬೇಕೆಂದರೆ ಈ ನಾಲ್ಕರಲ್ಲಿ ಮೂರನ್ನು ಫೋನಲ್ಲಿ ಆಗಲೇ ಕೇಳಿದ್ದೆ. ಆದರೆ ಫೋನಲ್ಲಿ ಕೇಳಿದ್ದು ಪಕ್ಕದ ಮನೆಯವರ ಒಗ್ಗರಣೆ ವಾಸನೆ ಇದ್ದ ಹಾಗೆ, ಹೊಟ್ಟೆ ತುಂಬುವುದಿಲ್ಲ. ಜೊತೆಗೆ ನನ್ನ 2009ರ ವ್ಯಾಗನ್ ಆರ್‌ನಲ್ಲಿ ಇನ್ನೂ ಸೀಡಿ ಹಾಕುವ ಬಾಯಿ ಇದೆ. ಹೊಸ ಕಾರು ತಗೊಳ್ಳಿ ಅಂತ ಮನೆಯಲ್ಲಿ ಹೇಳಿದಾಗಲೆಲ್ಲ ಮೈಲೇಜು, ಸರ್ವಿಸು ಅಂತ ಏನೇನೋ ಕಾರಣ ಕೊಡುತ್ತೇನೆ. ನಿಜವಾದ ಕಾರಣ ಆ ಬಾಯಿ.

ನಾನು ಶೀಟ್ ಮೆಟಲ್ ಕೆಲಸದವನು. ಆರು ಪವರ್ ಪ್ರೆಸ್, ಒಂದು ಹಳೇ ಎಚ್‌ಎಂಟಿ ಲೇತ್, ಒಂದು ಶಿಯರಿಂಗ್ ಮಶೀನು, ಹನ್ನೊಂದು ಜನ. ಬೇರೆಯವರಿಗೆ ಬ್ರಾಕೆಟ್ಟು, ವಾಷರು, ಪ್ಯಾನೆಲ್ಲು ಒತ್ತಿ ಕೊಡುವ ಜಾಬ್ ವರ್ಕ್. ಹಗಲೆಲ್ಲ ಒಂದು ಥರದ ಮೆಟಲ್, ಸಂಜೆ ಇನ್ನೊಂದು ಥರದ್ದು. ಈ ಜೋಕನ್ನು ನಮ್ಮ ಮನೆಯಲ್ಲಿ ಯಾರೂ ಈಗ ನಗೋದಿಲ್ಲ.

ಶನಿವಾರ ಸಂಜೆ ಮನೆಗೆ ಹೊರಟಾಗ ಮೊದಲು ಹಾಕಿದ್ದು ಇಂಗ್ಲೆಂಡಿನದೇ ಇನ್ನೊಂದು ಮೆಟಲ್ ಬ್ಯಾಂಡ್ ಜೂಡಸ್ ಪ್ರೀಸ್ಟ್‌ನ 'ಇನ್ವಿನ್ಸಿಬಲ್ ಶೀಲ್ಡ್'. 2024ರ ಮಾರ್ಚಿನಲ್ಲಿ ಬಂದ ಆಲ್ಬಂ, ಅವರ ಹತ್ತೊಂಬತ್ತನೆಯದು. ಪ್ರೀಸ್ಟ್ ಜೊತೆ ನನ್ನದು ಹಳೇ ಸಂಬಂಧ. ಹೈಸ್ಕೂಲು ಮುಗಿಸಿ ಡಿಪ್ಲೊಮಾ ಸೇರಿದ ವರ್ಷ ಕ್ಲಾಸಿನ ಹುಡುಗನೊಬ್ಬ ಅವರ 'ಪೇನ್‌ಕಿಲ್ಲರ್' ಆಲ್ಬಂ ಅನ್ನು ಒಂದು ಖಾಲಿ ಕ್ಯಾಸೆಟ್ಟಿಗೆ ಇಳಿಸಿ ಕೊಟ್ಟಿದ್ದ. ಕೇಳಿದವನಿಗೆ ಮೊದಲು ಅನಿಸಿದ್ದು ಇದು ಹಾಡಲ್ಲ, ಸ್ಟೇನ್‌ಲೆಸ್ ಸ್ಟೀಲ್ ಶೀಟಿಗೆ ಯಾರೋ ಆಂಗಲ್ ಗ್ರೈಂಡರ್ ಇಟ್ಟಿದ್ದಾರೆ ಅಂತ. ಹಾಡುಗಾರ ರಾಬ್ ಹಾಲ್ಫರ್ಡ್‌ನ ಆ ಕೇಕೆ! ಆ ಸದ್ದು ನನಗೆ ಹೊಸದಾಗಿರಲಿಲ್ಲ, ಚಿಕ್ಕಂದಿನಿಂದ ಅಪ್ಪನಿಗೆ ಊಟದ ಕ್ಯಾರಿಯರ್ ಕೊಡಲು ಹೋದಾಗಲೆಲ್ಲ ಕೇಳುತ್ತಿದ್ದದ್ದೇ. ಅದನ್ನು ದುಡ್ಡು ಕೊಟ್ಟು ಕೇಳುವವರೂ ಇದ್ದಾರೆ ಅನ್ನುವುದು ಮಾತ್ರ ಹೊಸದು.

ಈಗ ಹೊಸ ಆಲ್ಬಂಗೆ ಬರೋಣ. ಮೊದಲ ಹಾಡು 'ಪ್ಯಾನಿಕ್ ಅಟ್ಯಾಕ್'. ಶುರುವಿಗೆ ಎಂಬತ್ತರ ದಶಕದ ಸಿಂಥ್ (ಎಲೆಕ್ಟ್ರಾನಿಕ್ ಕೀಬೋರ್ಡ್) ಥರದ ಒಂದು ಗುಂಯ್ ಸದ್ದು. ಅರೆ, ಮತ್ತೆ ಹಳೇ ಚಾಳಿ ಅಂದುಕೊಳ್ಳುವಷ್ಟರಲ್ಲಿ ಗಿಟಾರ್‌ಗಳು ಬಂದು ಬೀಳುತ್ತವೆ. ರೆಕಾರ್ಡ್ ಆದಾಗ ಹಾಲ್ಫರ್ಡ್‌ಗೆ ಎಪ್ಪತ್ತು ದಾಟಿದೆ. ಆದರೂ ಹಾಡಿನ ಕೊನೆಯಲ್ಲಿ ಆ ಮೇಲಿನ ಸ್ವರಕ್ಕೆ ಹೋಗುತ್ತಾನೆ. ಮೊದಲಿನ ಹಾಗೆ ಹಾಡು ಪೂರ್ತಿ ಅಲ್ಲೇ ನೇತಾಡುವುದಿಲ್ಲ. ಬುದ್ಧಿವಂತ ಮುದುಕ. ಹೆಚ್ಚು ಹೊತ್ತು ನಡುವಿನ ದನಿಯಲ್ಲಿ ಹಾಡುತ್ತಾನೆ, ಬೇಕಾದ ಕಡೆ ಮಾತ್ರ ಮೇಲೆ ಹತ್ತುತ್ತಾನೆ, ಹತ್ತಿದಾಗ ನಮ್ಮ ಬೆನ್ನು ನೆಟ್ಟಗಾಗುತ್ತದೆ. 'ಕ್ರೌನ್ ಆಫ್ ಹಾರ್ನ್ಸ್' ಅಂತ ಒಂದು ನಿಧಾನದ ಹಾಡಿದೆ. ಅದರಲ್ಲಿ ಕೇಕೆಯೇ ಇಲ್ಲ ಅನ್ನಬಹುದು, ಆ ಹಾಡೇ ನನಗೆ ಜಾಸ್ತಿ ಇಷ್ಟವಾಯಿತು. ಯೌವನದಲ್ಲಿ ಆಗಿದ್ದರೆ ಅದನ್ನು ಫಾಸ್ಟ್ ಫಾರ್ವರ್ಡ್ ಮಾಡುತ್ತಿದ್ದೆ.

ಒಂದು ತಕರಾರು ಇದೆ. ರೆಕಾರ್ಡಿಂಗ್ ತೀರಾ ನುಣುಪು. ಬಫಿಂಗ್ ಮಾಡಿ ಮಾಡಿ ಮೂಲೆಗಳೇ ಸವೆದುಹೋದ ತುಂಡಿನ ಹಾಗೆ. ಇವರದೇ 1980ರ 'ಬ್ರಿಟಿಷ್ ಸ್ಟೀಲ್' ಕೇಳಿ ನೋಡಿ. ಅದನ್ನು ಬೀಟಲ್ಸ್‌ನ ರಿಂಗೋ ಸ್ಟಾರ್‌ನ ಮನೆಯಲ್ಲಿ ರೆಕಾರ್ಡ್ ಮಾಡಿದ್ದರು. 'ಮೆಟಲ್ ಗಾಡ್ಸ್' ಹಾಡಿನಲ್ಲಿ ಯಂತ್ರಗಳು ಹೆಜ್ಜೆ ಹಾಕಿಕೊಂಡು ಬರುವ ಸದ್ದು ಬೇಕಿತ್ತು. ಕಂಪ್ಯೂಟರಿನಲ್ಲಿ ಸದ್ದು ಹುಟ್ಟಿಸುವ ಕಾಲ ಅಲ್ಲ. ಅಡುಗೆಮನೆಯ ಚಮಚ, ಚಾಕು, ಫೋರ್ಕುಗಳನ್ನು ತಟ್ಟೆಯಲ್ಲಿ ಹಾಕಿ ಝಲ್ ಝಲ್ ಅಂತ ಅಲ್ಲಾಡಿಸಿದರು. ಗೊತ್ತಾದ ಮೇಲೆ ಆ ಹಾಡು ಕೇಳಿದಾಗಲೆಲ್ಲ ನನಗೆ ನಮ್ಮ ಮನೆಯ ಸ್ಟೀಲ್ ಪಾತ್ರೆ ಸ್ಟ್ಯಾಂಡ್ ಕಣ್ಣಿಗೆ ಬರುತ್ತದೆ. ಆದರೂ ಭಯ ಕಮ್ಮಿಯಾಗಿಲ್ಲ. ಹೊಸ ಆಲ್ಬಂನಲ್ಲಿ ಅಂಥ ಚಮಚದ ಸದ್ದು ಇಲ್ಲ. ಎಲ್ಲ ಅಳತೆಗೆ ಸರಿಯಾಗಿ ಕೂತಿದೆ.

ಆದರೆ ನಾನು ಇದನ್ನು ಕೊಂಡದ್ದು ಗ್ಲೆನ್ ಟಿಪ್ಟನ್‌ಗಾಗಿ. ಪ್ರೀಸ್ಟ್‌ನ ಗಿಟಾರಿಸ್ಟ್. ಪಾರ್ಕಿನ್ಸನ್ಸ್ ಕಾಯಿಲೆ ಇದೆ ಅಂತ 2018ರಲ್ಲಿ ಹೊರಗೆ ಹೇಳಿದ. ಅದಕ್ಕೆ ಸುಮಾರು ಹತ್ತು ವರ್ಷ ಮೊದಲೇ ಡಾಕ್ಟರು ಹೇಳಿದ್ದರಂತೆ. ಅಂದರೆ ಅಷ್ಟೂ ವರ್ಷ ನಡುಗುವ ಕೈ ಇಟ್ಟುಕೊಂಡೇ ಆ ಸೋಲೋಗಳನ್ನು ನುಡಿಸಿದ್ದ. ಈಗ ಪೂರ್ತಿ ಕಛೇರಿ ಆಗಲ್ಲ. ಕೆಲವು ಸಲ ಕೊನೆಯ ಎರಡು ಮೂರು ಹಾಡಿಗೆ ಬಂದು ನಿಂತದ್ದಿದೆ, ಜನ ಎದ್ದು ಕೂಗಿದ್ದಿದೆ. ಆಲ್ಬಂನ ಹಾಡು ಕಟ್ಟುವುದರಲ್ಲಿ ಅವನ ಹೆಸರಿದೆ. ಇನ್ನೊಬ್ಬ ಗಿಟಾರಿಸ್ಟ್ ರಿಚಿ ಫಾಕ್ನರ್ ಬೇರೆ ಕಥೆ. 2021ರ ಸೆಪ್ಟೆಂಬರಿನಲ್ಲಿ ಅಮೆರಿಕದ ಕೆಂಟಕಿಯಲ್ಲಿ 'ಪೇನ್‌ಕಿಲ್ಲರ್' ನುಡಿಸುತ್ತಿರುವಾಗಲೇ ಅವನ ಹೃದಯದ ದೊಡ್ಡ ರಕ್ತನಾಳ ಒಡೆಯಿತು. ಹಾಡು ಮುಗಿಸಿದ. ಆಮೇಲೆ ಆಸ್ಪತ್ರೆ, ಗಂಟೆಗಟ್ಟಲೆ ಆಪರೇಷನ್ನು. ಅವನಿಗೆ ಆಗ ನಲವತ್ತೊಂದು. ಹಾಗಾಗಿ 'ಇನ್ವಿನ್ಸಿಬಲ್ ಶೀಲ್ಡ್', ಮುರಿಯದ ಗುರಾಣಿ ಅನ್ನುವ ಹೆಸರು ನೋಡಿದಾಗ ನನಗೆ ಸಣ್ಣಗೆ ನಗು ಬಂತು. ಗುರಾಣಿ ಹಿಡಿದವರಲ್ಲಿ ಒಬ್ಬನಿಗೆ ಎದೆ ಹೊಲಿದಿದೆ, ಇನ್ನೊಬ್ಬನಿಗೆ ಕೈ ನಡುಗುತ್ತಿದೆ.

ಟೈಟಲ್ ಹಾಡಿನ ನಡುವೆ ಗಿಟಾರ್‌ಗಳು ಒಂದಾದ ಮೇಲೊಂದು ಜಗಳಕ್ಕೆ ಬಿದ್ದ ಹಾಗೆ ಓಡುತ್ತವೆ. ಇದರಲ್ಲಿ ಯಾವುದು ಟಿಪ್ಟನ್‌ದು, ಯಾವುದು ಫಾಕ್ನರ್‌ದು ಅಂತ ಕಿವಿಯಿಂದಲೇ ಹಿಡಿಯಲು ನೋಡಿದೆ. ಸ್ವಲ್ಪ ತಡೆದು, ಸ್ವರವನ್ನು ಹಿಂಡಿ ಬಗ್ಗಿಸಿದ್ದು ಟಿಪ್ಟನ್‌ದು ಅಂತ ತೀರ್ಮಾನ ಮಾಡಿದೆ. ತಪ್ಪೂ ಇರಬಹುದು. ತುಮಕೂರು ರಸ್ತೆಯ ಫ್ಲೈಓವರ್ ಕೆಳಗೆ, ಲಾರಿಗಳ ಮಧ್ಯೆ ಸಿಕ್ಕಿಹಾಕಿಕೊಂಡು, ಎಪ್ಪತ್ತೈದು ದಾಟಿದ ಒಬ್ಬನ ಬೆರಳನ್ನು ಹುಡುಕುತ್ತಾ ಕೂತಿದ್ದೆ.

ಟಿಪ್ಟನ್ ಹುಟ್ಟಿದ್ದು 1947ರಲ್ಲಿ. ನಮ್ಮ ಅಪ್ಪ ಹುಟ್ಟಿದ್ದೂ ಅದೇ ವರ್ಷ.

ಇನ್ನೊಂದು ಇಂಗ್ಲೆಂಡ್ ಮೆಟಲ್ ಬ್ಯಾಂಡ್ ಐರನ್ ಮೇಡನ್‌ನ 'ಸೆಂಜುತ್ಸು' ಆಲ್ಬಂ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. 2021ರದ್ದು. ಎರಡು ಡಿಸ್ಕು, ಹತ್ತಿರ ಹತ್ತಿರ ಎಂಬತ್ತೆರಡು ನಿಮಿಷ. ಬೆಲೆ ಇಳಿಯಲಿ ಅಂತ ಕಾದು ಈಗ ತಗೊಂಡೆ. ಮುಖಪುಟದಲ್ಲಿ ಮೇಡನ್‌ನ ಗುರುತಿನ ಬೊಂಬೆ ಎಡ್ಡಿ ಸಮುರಾಯ್ ವೇಷ ಹಾಕಿ ಕತ್ತಿ ಹಿಡಿದಿದ್ದಾನೆ, ಅದಕ್ಕೇ ಅರ್ಧ ದುಡ್ಡು ಕೊಡಬಹುದು. ಎರಡನೇ ಡಿಸ್ಕಿನ ಕೊನೆಯ ಮೂರು ಹಾಡು ಬೇಸ್ ನುಡಿಸುವ ಸ್ಟೀವ್ ಹ್ಯಾರಿಸ್ ಒಬ್ಬನೇ ಬರೆದದ್ದು, ಮೂರೂ ಹತ್ತು ನಿಮಿಷಕ್ಕಿಂತ ಜಾಸ್ತಿ. 'ದಿ ಪಾರ್ಚ್‌ಮೆಂಟ್' ಗೊರಗುಂಟೆಪಾಳ್ಯದ ಸಿಗ್ನಲ್‌ನಲ್ಲಿ ಶುರುವಾಯಿತು, ಯಶವಂತಪುರ ದಾಟಿದರೂ ಮುಗಿದಿರಲಿಲ್ಲ. ಆ ರಸ್ತೆ ಗೊತ್ತಿದ್ದವರಿಗೆ ಇದರಲ್ಲಿ ದೋಷ ಹಾಡಿನದೋ ರಸ್ತೆಯದೋ ಅಂತ ಅನುಮಾನ ಬಂದೀತು. ಎರಡರದ್ದೂ. ಹ್ಯಾರಿಸ್‌ಗೆ 'ಇಲ್ಲಿಗೆ ಸಾಕು' ಅನ್ನುವವರು ಯಾರೂ ಉಳಿದಿಲ್ಲ ಅನಿಸುತ್ತದೆ. ಆದರೆ ಕೊನೆಯ 'ಹೆಲ್ ಆನ್ ಅರ್ಥ್' ಬಂದಾಗ ಎಲ್ಲ ಮಾಫಿ. ಮೆತ್ತಗೆ ಶುರುವಾಗಿ, ಕುದುರೆ ಓಟಕ್ಕೆ ಬಂದು, ಮತ್ತೆ ಮೆತ್ತಗಾಗಿ ಹೋಗುವ ಆ ರಾಗ ಮನೆಗೆ ಬಂದ ಮೇಲೂ ಬಿಡಲಿಲ್ಲ. ಕೈಕಾಲು ತೊಳೆಯುತ್ತಾ ಗುನುಗುತ್ತಿದ್ದೆ.

ಇದರಲ್ಲಿ ಹಾಡುವಾಗ ಮೇಡನ್‌ನ ಹಾಡುಗಾರ ಬ್ರೂಸ್ ಡಿಕಿನ್ಸನ್ ನಾಲಿಗೆಯ ಕ್ಯಾನ್ಸರ್ ಗೆದ್ದು ಬಂದವನು. ಡಾಕ್ಟರು ಗೆಡ್ಡೆ ಕಂಡುಹಿಡಿದದ್ದು 2014ರ ಕೊನೆಗೆ. ಈ ದನಿಯನ್ನು ನಾನು ಮೊದಲು ಎದುರಿಗೆ ಕೇಳಿದ್ದು 2007ರ ಮಾರ್ಚ್ 17ರಂದು, ಮೇಡನ್ ಬೆಂಗಳೂರಿಗೆ ಬಂದಾಗ, ಅರಮನೆ ಮೈದಾನದಲ್ಲಿ. ನನಗಾಗ ಮೂವತ್ತೊಂದು. ಎಲ್ಲೆಲ್ಲಿಂದಲೋ ಜನ ರೈಲಿನಲ್ಲಿ, ಬಸ್ಸಿನಲ್ಲಿ ಬಂದಿದ್ದರು. ನನ್ನ ಪಕ್ಕದಲ್ಲಿ ನಿಂತಿದ್ದವನು ಗುವಾಹಟಿಯವನು. ನನ್ನ ಕನ್ನಡ ಅವನಿಗೆ ಬಾರದು, ಅವನ ಅಸ್ಸಾಮಿ ನನಗೆ ಬಾರದು, ಮೇಡನ್‌ನ 'ಹ್ಯಾಲೋಡ್ ಬಿ ದೈ ನೇಮ್' ಹಾಡು ಇಬ್ಬರಿಗೂ ಬಾಯಿಪಾಠ. ಮನೆಗೆ ಬಂದಾಗ ಶೂ ತುಂಬ ಕೆಂಪು ಮಣ್ಣು. ಮೂರು ದಿನ ಗಂಟಲು ಕೂತುಹೋಗಿತ್ತು, ಶಾಪಿನಲ್ಲಿ ಕೈಸನ್ನೆ ಮಾಡಿ ಕೆಲಸ ಹೇಳುತ್ತಿದ್ದೆ.

ಇನ್ನು ನಮ್ಮೂರಿನವರು. ಕ್ರಿಪ್ಟೋಸ್. 1998ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಬ್ಯಾಂಡ್. ಅವರ 2024ರ ಆಲ್ಬಂ 'ಡೆಸಿಮೇಟರ್' ತರಿಸಿದೆ. ಹೊರತಂದದ್ದು ಜರ್ಮನಿಯ ಎಎಫ್‌ಎಂ ರೆಕಾರ್ಡ್ಸ್. ಅಂದರೆ ನಮ್ಮೂರಿನ ಹುಡುಗರ ಹಾಡು ಜರ್ಮನಿ ಸುತ್ತಿಕೊಂಡು ಪೀಣ್ಯಕ್ಕೆ ಬಂತು. ನಮ್ಮ ಕಾಫಿಬೀಜ ಹೊರದೇಶಕ್ಕೆ ಹೋಗಿ ಚಂದದ ಡಬ್ಬದಲ್ಲಿ ವಾಪಸು ಬರುವ ಹಾಗೆ.

ಹುಡುಗರು ಅಂದೆನಲ್ಲ, ಅವರೂ ಈಗ ಹುಡುಗರಲ್ಲ. 2013ರಲ್ಲೇ ಜರ್ಮನಿಯ ವಾಕನ್ ಹಬ್ಬದಲ್ಲಿ ನುಡಿಸಿ ಬಂದವರು. ಮೆಟಲ್ ಕೇಳುವವರಿಗೆ ವಾಕನ್ ಅಂದರೆ ಧರ್ಮಸ್ಥಳಕ್ಕೆ ಹೋಗಿ ಬಂದ ಹಾಗೆ. ಇವರ ಗಿಟಾರ್‌ಗಳು ಪೂರ್ತಿ ಎಂಬತ್ತರ ದಶಕದವು. ಎರಡು ಗಿಟಾರ್ ಜೋಡಿಯಾಗಿ ಒಂದೇ ರಾಗವನ್ನು ಸ್ವಲ್ಪ ಅಂತರದಲ್ಲಿ ನುಡಿಸುವುದು, ಪ್ರೀಸ್ಟ್ ಮತ್ತು ಮೇಡನ್ ಕಲಿಸಿದ ಪಾಠ. ದನಿ ಮಾತ್ರ ಬೇರೆ. ಹಾಡುಗಾರ ನೋಲನ್ ಲೂಯಿಸ್, ಹಾಲ್ಫರ್ಡ್ ಥರ ಮೇಲೆ ಹೋಗುವುದಿಲ್ಲ, ಗೀರಿದ ಗಂಟಲಿನಲ್ಲಿ ಕೆಳಗೇ ಗದರುತ್ತಾನೆ. ಮೊದಲೆಲ್ಲ ನನಗೆ ಇದು ಹೊಂದಿಕೆಯಾಗುತ್ತಿರಲಿಲ್ಲ. ಇಷ್ಟು ಇಂಪಾದ ಗಿಟಾರಿಗೆ ಇಂಥ ಗಂಟಲಾ ಅನ್ನಿಸುತ್ತಿತ್ತು. ಈ ಸಲ ಒಂದು ಪ್ರಯೋಗ ಮಾಡಿದೆ. ಸೋಮವಾರ ಮಧ್ಯಾಹ್ನ ಊಟದ ಹೊತ್ತಿನಲ್ಲಿ, ಎರಡು ಪ್ರೆಸ್ ಓಡುತ್ತಿರುವಾಗಲೇ, ಶಾಪಿನ ಹಳೇ ಪ್ಲೇಯರಿನಲ್ಲಿ 'ಟರ್ನ್ ಅಪ್ ದಿ ಹೀಟ್' ಹಾಕಿದೆ. ಆ ಸದ್ದಿನ ಮಧ್ಯೆ ಗಿಟಾರ್ ಕರಗಿಹೋಯಿತು, ಡ್ರಮ್ಸು ಪ್ರೆಸ್ಸಿನ ಸ್ಟ್ರೋಕಿನಲ್ಲಿ ಸೇರಿಕೊಂಡಿತು, ಆ ಗೀರು ದನಿ ಮಾತ್ರ ಎದ್ದು ಕೇಳಿಸಿತು. ಅದಕ್ಕೇ ಇರಬೇಕು ಆ ಗಂಟಲು. ನಮ್ಮ ಪ್ರೆಸ್ ಆಪರೇಟರ್ ಒಬ್ಬರು ಮುದ್ದೆ ಮುರಿಯುವುದನ್ನು ನಿಲ್ಲಿಸಿ, 'ಯಾರಿಗೋ ಬೈತಾ ಇದಾನೆ ಅಲ್ವಾ ಸಾರ್?' ಅಂದರು. 'ನಮ್ಮೂರೋನೇ' ಅಂದೆ. 'ಮತ್ತೆ ಕನ್ನಡದಲ್ಲಿ ಬೈಬೋದಿತ್ತಲ್ಲ' ಅಂದರು.

ಉತ್ತರ ಹೊಳೆಯಲಿಲ್ಲ. ಬೆಂಗಳೂರಿನಲ್ಲೇ 'ಬೆವರ್ ಸೀ' ಅಂತ ಇನ್ನೊಂದು ಬ್ಯಾಂಡಿದೆ, ನಿಧಾನವಾಗಿ ಭಾರವಾಗಿ ನುಡಿಸುವವರು. ಹೆಸರನ್ನು ಒಂದೇ ಉಸಿರಿನಲ್ಲಿ ಜೋರಾಗಿ ಹೇಳಿ ನೋಡಿ, ಯಾಕೆ ಇಟ್ಟರು ಅಂತ ಗೊತ್ತಾಗುತ್ತದೆ. ಹೆಸರಿನ ತನಕ ಬಂದವರು ಹಾಡಿಗೂ ಬರಬಹುದಿತ್ತು. ನಮ್ಮ ಒತ್ತಕ್ಷರಗಳು ಈ ಸಂಗೀತಕ್ಕೇ ಹುಟ್ಟಿದ ಹಾಗಿವೆ. 'ಕತ್ತಲು', 'ಸುತ್ತಿಗೆ', 'ಬೆಕ್ಕಸ' ಇವನ್ನೆಲ್ಲ ಗುರುಗುಟ್ಟುತ್ತಾ ಹೇಳಿ ನೋಡಿ. ಬಾತ್‌ರೂಮಿನಲ್ಲಿ ಹೇಳಿ, ಮನೆಯವರ ಎದುರಿಗೆ ಬೇಡ.

ನಾಲ್ಕನೆಯದು ಆ ದೆವ್ವದ ಪಿಕ್ಚರ್. ಇದು ನನ್ನ ಹತ್ತಿರ ಕ್ಯಾಸೆಟ್ಟಿನಲ್ಲಿತ್ತು, ಆಮೇಲೆ ಎಂಪಿತ್ರೀಯಲ್ಲಿತ್ತು, ಸೀಡಿ ಇರಲಿಲ್ಲ. 2025ರ ಜುಲೈ 5ಕ್ಕೆ, ಬರ್ಮಿಂಗ್‌ಹ್ಯಾಮಿನ ವಿಲ್ಲಾ ಪಾರ್ಕ್ ಮೈದಾನದಲ್ಲಿ ಸಬ್ಬತ್‌ನ ಹಾಡುಗಾರ ಓಜಿ ಆಸ್ಬೋರ್ನ್ ಕೊನೆಯ ಸಲ ಹಾಡಿದ. ನಿಲ್ಲಲಾಗದೆ ಕಪ್ಪು ಸಿಂಹಾಸನದಲ್ಲಿ ಕೂತು ಹಾಡಿದ. ಮೂಲ ಸಬ್ಬತ್‌ನ ನಾಲ್ಕೂ ಜನ ಇಪ್ಪತ್ತು ವರ್ಷದ ಮೇಲೆ ಒಟ್ಟಿಗೆ ನುಡಿಸಿದರು. ನಾಲ್ಕೇ ಹಾಡು. ಹದಿನೇಳು ದಿನಕ್ಕೆ, ಜುಲೈ 22ಕ್ಕೆ, ಓಜಿ ಹೋದ. ಆವತ್ತು ರಾತ್ರಿಯೇ ಆರ್ಡರ್ ಹಾಕಿದೆ. ತಿಥಿಯ ಹೊತ್ತಿಗೆ ಬರಲಿ ಅಂತಿತ್ತು, ಬರಲಿಲ್ಲ. ಬೇರೆ ಸೀಡಿಗಳ ಜೊತೆ ಸೇರಿ ತಡವಾಗಿ ಬಂತು.

ಭಾನುವಾರ ಬೆಳಿಗ್ಗೆ ಮಗಳನ್ನು ಮಲ್ಲೇಶ್ವರಕ್ಕೆ ಸಂಗೀತದ ಪಾಠಕ್ಕೆ ಬಿಡಬೇಕು. ಕಾರಿನಲ್ಲಿ ಇದನ್ನೇ ಹಾಕಿದೆ. ಮೊದಲು ಮಳೆ, ಗುಡುಗು, ದೂರದಲ್ಲಿ ಚರ್ಚಿನ ಗಂಟೆ. ಆಮೇಲೆ ಆ ಮೂರು ಸ್ವರ. ಇಡೀ ಹೆವಿ ಮೆಟಲ್ ಹುಟ್ಟಿದ್ದು ಆ ಮೂರು ಸ್ವರದಿಂದ ಅಂತ ಹೇಳುವವರಿದ್ದಾರೆ, ನಾನೂ ಅವರಲ್ಲಿ ಒಬ್ಬ. ಬರೀ ಮೂರು ಸ್ವರಕ್ಕೆ ಯಾಕೆ ಹೊಟ್ಟೆ ತಣ್ಣಗಾಗುತ್ತದೆ ಅಂತ ಮೂವತ್ತು ವರ್ಷದಿಂದ ತಿಳಿದಿರಲಿಲ್ಲ. ಮಗಳು ಕಿಟಕಿ ಕಡೆ ನೋಡುತ್ತಲೇ ಹೇಳಿದಳು. 'ಅಪ್ಪಾ, ಇದು ಸ, ಮೇಲಿನ ಸ, ಆಮೇಲೆ ಪ್ರತಿಮಧ್ಯಮ. ಅಷ್ಟೇ.' 'ಪ್ರತಿಮಧ್ಯಮ ಅಂದ್ರೆ?' 'ಕಲ್ಯಾಣೀಲಿ ಬರುತ್ತಲ್ಲಪ್ಪಾ, ಆ ಮ.'

ಕಲ್ಯಾಣಿ! ಹೆಸರೇ ಮಂಗಳ. ಮದುವೆ ಮನೆಯ ನಾಗಸ್ವರದಲ್ಲಿ ಕೇಳುವ ರಾಗ. ಅದೇ ಸ್ವರದ ಅಂತರಕ್ಕೆ ಯುರೋಪಿನವರು 'ಸಂಗೀತದೊಳಗಿನ ಸೈತಾನ' ಅಂತ ಹೆಸರಿಟ್ಟಿದ್ದರು. ಇದು ಹೇಗೆ ಅಂತ ಕೇಳಿದೆ. ಅವಳು ಹಾಡಿ ತೋರಿಸಿದಳು. ಕಲ್ಯಾಣಿಯಲ್ಲಿ ಆ 'ಮ' ಪಕ್ಕದಲ್ಲೇ ಪಂಚಮ ಇರುತ್ತದೆ. ಮ ಹತ್ತಿ ಪ ಮೇಲೆ ಕೂತರೆ ಮನಸ್ಸಿಗೆ ನೆಮ್ಮದಿ. ಸಬ್ಬತ್‌ನಲ್ಲಿ ಗಿಟಾರ್ ಆ 'ಮ' ಮೇಲೆ ನಿಂತು ನಡುಗುತ್ತದೆ. ಪಂಚಮದ ಅಂಚನ್ನು ಮುಟ್ಟಿ ಮುಟ್ಟಿ ಬಿಡುತ್ತದೆ, ಅಲ್ಲಿ ಕೂರುವುದಿಲ್ಲ. ಹೊಸ್ತಿಲಲ್ಲಿ ನಿಂತವನು ಒಳಗೂ ಬರಲ್ಲ, ಆಚೆಗೂ ಹೋಗಲ್ಲ ಅನ್ನುವ ಹಾಗೆ. ಹದಿನಾಲ್ಕು ವರ್ಷದ ಹುಡುಗಿ ಸಂಪಿಗೆ ರಸ್ತೆಯ ಟ್ರಾಫಿಕ್ಕಿನಲ್ಲಿ ಎರಡು ನಿಮಿಷಕ್ಕೆ ಬಿಡಿಸಿಟ್ಟಳು. ಇಷ್ಟವಾಯಿತೇನೇ ಅಂದೆ. 'ಪರವಾಗಿಲ್ಲ, ಆದ್ರೆ ತುಂಬಾ ನಿಧಾನ' ಅಂದಳು.

ಈ ಆಲ್ಬಂ ಪೂರ್ತಿ ರೆಕಾರ್ಡ್ ಆದದ್ದು ಒಂದೇ ದಿನದಲ್ಲಿ, 1969ರ ಅಕ್ಟೋಬರಿನಲ್ಲಿ, ಲಂಡನ್ನಿನಲ್ಲಿ. ಸುಮಾರು ಹನ್ನೆರಡು ಗಂಟೆ. ನಮ್ಮ ಲೆಕ್ಕದಲ್ಲಿ ಒಂದು ಶಿಫ್ಟು, ಮೇಲೊಂದು ನಾಲ್ಕು ಗಂಟೆ ಓಟಿ. ತಪ್ಪುಗಳೆಲ್ಲ ಹಾಗೇ ಉಳಿದಿವೆ. ಬಿಲ್ ವಾರ್ಡ್‌ನ ಡ್ರಮ್ಸು ಅಲ್ಲಲ್ಲಿ ಓಡಿಹೋಗಿ ಮತ್ತೆ ಬಂದು ಸೇರಿಕೊಳ್ಳುತ್ತದೆ. 'ದಿ ವಿಝಾರ್ಡ್' ಹಾಡಿನಲ್ಲಿ ಓಜಿ ಮೌತ್ ಆರ್ಗನ್ ಊದುತ್ತಾನೆ, ಹಳ್ಳಿಯಿಂದ ಬಂದ ಲಾರಿ ಕ್ಲೀನರ್ ಊದಿದ ಹಾಗೆ ಖುಷಿಯಾಗಿ. ಪ್ರೀಸ್ಟ್‌ನ ಹೊಸ ಆಲ್ಬಂನಲ್ಲಿ ನನಗೆ ಸಿಗದ ಚಮಚದ ಸದ್ದು ಇಲ್ಲಿ ಎಲ್ಲ ಕಡೆ ಇದೆ.

ಆದರೆ ನಾನು ಈ ಸಲ ಬೇರೇನೋ ಕೇಳಿಸಿಕೊಳ್ಳುತ್ತಿದ್ದೆ. ಸಬ್ಬತ್‌ನ ಗಿಟಾರಿಸ್ಟ್ ಟೋನಿ ಅಯೋಮಿಯ ಬೆರಳು.

ಕಥೆ ಮೆಟಲ್ ಕೇಳುವವರಿಗೆಲ್ಲ ಗೊತ್ತು. ಅಯೋಮಿ ಹದಿನೇಳರ ಹುಡುಗ. ಬರ್ಮಿಂಗ್‌ಹ್ಯಾಮಿನ ಒಂದು ಶೀಟ್ ಮೆಟಲ್ ಕಾರ್ಖಾನೆಯಲ್ಲಿ ಕೆಲಸ. ಗಿಟಾರ್ ನುಡಿಸಲು ಬ್ಯಾಂಡೊಂದರಲ್ಲಿ ಜಾಗ ಸಿಕ್ಕಿದೆ, ಆವತ್ತು ಕೆಲಸದ ಕೊನೆಯ ದಿನ. ಊಟಕ್ಕೆ ಮನೆಗೆ ಬಂದವನು ಮತ್ತೆ ಹೋಗಲ್ಲ ಅಂದ. ಅಮ್ಮ ಬಿಡಲಿಲ್ಲ, ಕೆಲಸ ಅರ್ಧಕ್ಕೆ ಬಿಡಬಾರದು, ಹೋಗಿ ಮುಗಿಸಿ ಬಾ ಅಂದರು. ಪ್ರೆಸ್ ಓಡಿಸುವವರು ಆವತ್ತು ಬಂದಿರಲಿಲ್ಲ, ಇವನನ್ನು ಕೂರಿಸಿದರು. ಅಭ್ಯಾಸವಿಲ್ಲದ ಮಶೀನು. ಬಲಗೈಯ ಮಧ್ಯದ ಬೆರಳು ಮತ್ತು ಉಂಗುರ ಬೆರಳಿನ ತುದಿ ಹೋಯಿತು. ಇವನು ಎಡಚ. ಬಲಗೈಯೇ ತಂತಿ ಒತ್ತುವ ಕೈ.

ನಮ್ಮ ಕಸುಬಿನಲ್ಲಿ ಈ ಕಥೆ ಓದಿದರೆ ಮೈ ಜುಂ ಅನ್ನುತ್ತದೆ. ರಜೆ ಹಾಕಿದ ಆಪರೇಟರ್ ಜಾಗಕ್ಕೆ ಗೊತ್ತಿಲ್ಲದ ಹುಡುಗನನ್ನು ಕೂರಿಸುವುದು. ಇವತ್ತಿಗೂ ಎಷ್ಟೋ ಕಡೆ ಬೆರಳು ಹೋಗುವುದು ಹೀಗೇ. ನಮ್ಮ ಪ್ರೆಸ್‌ಗಳಿಗೆಲ್ಲ ಎರಡು ಕೈಯಲ್ಲೂ ಒತ್ತುವ ಬಟನ್ ಹಾಕಿಸಿದ್ದೇನೆ. ಎರಡು ಕೈಯೂ ಬಟನ್ ಮೇಲಿದ್ದರೆ ಮಾತ್ರ ರಾಮ್, ಅಂದರೆ ಮೇಲಿಂದ ಒತ್ತುವ ಭಾಗ, ಕೆಳಗೆ ಬರುತ್ತದೆ, ಕೈ ಡೈ (ಅಚ್ಚು) ಒಳಗೆ ಇರಲು ಸಾಧ್ಯವೇ ಇಲ್ಲ. ಕೆಲಸ ನಿಧಾನವಾಗುತ್ತೆ ಅಂತ ಹುಡುಗರು ಗೊಣಗುತ್ತಾರೆ. ಗೊಣಗಲಿ.

ಅಯೋಮಿಗೆ ಡಾಕ್ಟರು ಇನ್ನು ಗಿಟಾರ್ ಮರೆತುಬಿಡು ಅಂದರು. ಆಗ ಕಾರ್ಖಾನೆಯ ಮ್ಯಾನೇಜರ್ ಮನೆಗೆ ಬಂದು ಒಂದು ರೆಕಾರ್ಡ್ ಕೊಟ್ಟು, ಕೇಳು ಅಂದ. ಜ್ಯಾಂಗೋ ರೈನ್‌ಹಾರ್ಟ್. ಬೆಂಕಿಯಲ್ಲಿ ಕೈ ಸುಟ್ಟು, ಎರಡು ಬೆರಳಿನಲ್ಲೇ ಹೆಚ್ಚುಕಮ್ಮಿ ಎಲ್ಲವನ್ನೂ ನುಡಿಸಿದ ಜಾಝ್ ಗಿಟಾರಿಸ್ಟ್. ಅದನ್ನು ಕೇಳಿದ ಮೇಲೆ ಅಯೋಮಿ ಪಾತ್ರೆ ತೊಳೆಯುವ ಲಿಕ್ವಿಡ್‌ನ ಪ್ಲಾಸ್ಟಿಕ್ ಬಾಟಲಿ ಕರಗಿಸಿ, ಉಂಡೆ ಮಾಡಿ, ಬಿಸಿ ಸೋಲ್ಡರಿಂಗ್ ಐರನ್ನಿನಿಂದ ತೂತು ಮಾಡಿ, ಉಜ್ಜಿ ಉಜ್ಜಿ ಬೆರಳಿಗೆ ಟೋಪಿ ಮಾಡಿಕೊಂಡ. ಗಟ್ಟಿ ತಂತಿ ಒತ್ತಲಾಗಲಿಲ್ಲ, ಬ್ಯಾಂಜೋದ ತೆಳು ತಂತಿ ಹಾಕಿದ. ಮುಂದೆ 1971ರ ಮೂರನೇ ಆಲ್ಬಂ ಹೊತ್ತಿಗೆ ತಂತಿಯ ಬಿಗಿಯನ್ನೂ ಸಡಿಲಿಸಿದ, ಶ್ರುತಿ ಕೆಳಗಿಳಿಯಿತು, ಸದ್ದು ಇನ್ನೂ ದಪ್ಪವಾಯಿತು. ಇವತ್ತು ಪ್ರಪಂಚದ ಅರ್ಧಕ್ಕರ್ಧ ಮೆಟಲ್ ಬ್ಯಾಂಡ್‌ಗಳು ಹತ್ತು ಬೆರಳೂ ಸರಿ ಇದ್ದೂ ಆ ಸಡಿಲ ತಂತಿಯಲ್ಲೇ ನುಡಿಸುತ್ತವೆ.

ಅಪ್ಪನ ಬಲಗೈ ತೋರುಬೆರಳಿನ ತುದಿ ಹೋದದ್ದು 1984ರಲ್ಲಿ. ಆಗ ಅವರಿಗೆ ಸ್ವಂತ ಶಾಪ್ ಇರಲಿಲ್ಲ, ಬೇರೆಯವರ ಹತ್ತಿರ ಕೆಲಸಕ್ಕಿದ್ದರು. ಕಾಲಲ್ಲಿ ಒತ್ತುವ ಪೆಡಲ್ ಪ್ರೆಸ್. ಕ್ಲಚ್ ಸರಿಯಾಗಿ ಬಿಡದೆ ಡಬಲ್ ಸ್ಟ್ರೋಕ್, ಅಂದರೆ ಒಂದು ಒತ್ತಿಗೆ ಎರಡು ಸಲ, ಹೊಡೆಯಿತು. ನನಗಾಗ ಎಂಟು ವರ್ಷ. ಮನೆಯಲ್ಲಿ ಹಾರ್ಮೋನಿಯಂ ಇತ್ತು. ಶನಿವಾರದ ಭಜನೆಗೆ, ರಾಮನವಮಿಗೆ ರಾಜಾಜಿನಗರದಲ್ಲಿ ಅಪ್ಪನದೇ ಹಾರ್ಮೋನಿಯಂ. ಗಾಯ ವಾಸಿಯಾದ ಮೇಲೆ ಒಂದು ಸಲ ಪೆಟ್ಟಿಗೆ ತೆಗೆದರು. ಐದು ನಿಮಿಷ ನುಡಿಸಿದರು. 'ಮನೆ ಸಿಗ್ತಿಲ್ಲ' ಅಂದರು. ಮನೆ ಅಂದರೆ ಕೀ, ಬೆರಳು ಕೂರುವ ಜಾಗ. ಪೆಟ್ಟಿಗೆ ಮುಚ್ಚಿದರು. ಅದು ಈಗಲೂ ಅಟ್ಟದ ಮೇಲಿದೆ. ನಮ್ಮ ಮನೆಗೆ ಯಾವ ಮ್ಯಾನೇಜರೂ ರೆಕಾರ್ಡ್ ಹಿಡಿದುಕೊಂಡು ಬರಲಿಲ್ಲ. ಬಂದಿದ್ದರೂ ಹಾಕಲು ಪ್ಲೇಯರ್ ಇರಲಿಲ್ಲ ಅನ್ನಿ.

ಗುರುವಾರ ಅಪ್ಪನನ್ನು ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಬೇಕಿತ್ತು. ಕಾರು ಸ್ಟಾರ್ಟ್ ಮಾಡಿದ ಕೂಡಲೇ ಸೀಡಿ ತಾನಾಗೇ ಶುರುವಾಯಿತು. ಮಳೆ, ಗುಡುಗು, ಗಂಟೆ. ಆರಿಸಲು ಕೈ ಹಾಕಿದೆ. 'ಇರ್ಲಿ ಬಿಡು' ಅಂದರು. ಮೂರು ಸ್ವರ ಬಂತು. ಓಜಿ ಶುರುಮಾಡಿದ. ಅಪ್ಪ ಸ್ವಲ್ಪ ಹೊತ್ತು ಕೇಳಿ, 'ಇವನಿಗೇನಾಯ್ತೋ ಪಾಪ' ಅಂದರು.

ಡಬ್ಬಿ ಅವರ ಕೈಗೆ ಕೊಟ್ಟು ಅಯೋಮಿಯ ಕಥೆ ಹೇಳಿದ್ದು ಅದೇ ಮೊದಲು. ಮೂವತ್ತು ವರ್ಷದಿಂದ ಗೊತ್ತಿದ್ದ ಕಥೆ, ಅಪ್ಪನಿಗೆ ಯಾಕೆ ಹೇಳಿರಲಿಲ್ಲವೋ. ಅವರು ಮಧ್ಯೆ ಬಾಯಿ ಹಾಕದೆ ಕೇಳಿದರು. ಕೊನೆಯ ದಿನ ಅಂದಾಗ ತಲೆ ಅಲ್ಲಾಡಿಸಿದರು. ಅಮ್ಮ ವಾಪಸು ಕಳಿಸಿದರು ಅಂದಾಗ ನಾಲಿಗೆ ಕಚ್ಚಿದರು.

'ಗಾರ್ಡ್ ಇರ್ಲಿಲ್ವಾ ಪ್ರೆಸ್ಸಿಗೆ?'

'ಎಲ್ಲಿತ್ತಪ್ಪಾ, 65ರಲ್ಲಿ.'

'ಹೂಂ. ಬಾಟ್ಲಿ ಕರಗಿಸ್ದ ಅಂದ್ಯಲ್ಲ, ಯಾವ ಬಾಟ್ಲಿ?'

ಹೇಳಿದೆ. ನವರಂಗ್ ಸಿಗ್ನಲ್‌ನಲ್ಲಿ ಕಾರು ನಿಂತಿತ್ತು. ಅಪ್ಪ ಬಲಗೈ ಎತ್ತಿ, ಆ ಮೊಂಡು ಬೆರಳನ್ನು ಹೆಬ್ಬೆರಳಿನಿಂದ ನಿಧಾನವಾಗಿ ಸವರುತ್ತಾ ನೋಡಿದರು. ಡೈ ಮಾಡುವ ಮುಂಚೆ ಸ್ಯಾಂಪಲ್ ತುಂಡನ್ನು ನೋಡುವಾಗಿನ ಮುಖ ಅದು.

'ಬರೀ ಪ್ಲಾಸ್ಟಿಕ್ ಆದ್ರೆ ತಂತಿ ಮೇಲೆ ಜಾರುತ್ತೆ ಕಣೋ' ಅಂದರು. 'ಗ್ರಿಪ್ ಎಲ್ಲಿಂದ ಬರುತ್ತೆ?'

'ಹಳೇ ಲೆದರ್ ಜಾಕೆಟ್ ಕತ್ತರಿಸಿ ತುದಿಗೆ ಅಂಟಿಸಿದ್ನಂತೆ.'

'ಹಾಂ. ಅದನ್ನ ಮೊದ್ಲೇ ಹೇಳ್ಬಾರ್ದಾ' ಅಂದರು ಅಪ್ಪ. ಸಿಗ್ನಲ್ ಬಿಟ್ಟಿತು. ಸ್ವಲ್ಪ ದೂರ ಹೋದ ಮೇಲೆ ಕೈ ಚಾಚಿ ವಾಲ್ಯೂಮ್ ಗುಂಡಿಯನ್ನು ಒಂದು ಸುತ್ತು ಜಾಸ್ತಿ ಮಾಡಿದರು.